ಎತ್ತಿದ ಎಡಗೈ

ಕಂಪ್ಯೂಟರಿನ ಬಟನ್ ಒತ್ತಿದೆ. ಫ್ಯಾನಿನ ಸದ್ದಿಲ್ಲ, ದೀಪವಿಲ್ಲ. ಸಿಟ್ಟು ಬಂದು ಇನ್ನೂ ಜೋರಾಗಿ ಒತ್ತಿದೆ. ಪಕ್ಕದ ಕುರ್ಚಿಯಲ್ಲಿ ಕುಳಿತು ನನ್ನ ಗಂಡ ನೋಡುತ್ತಿದ್ದರು. ಉಡುಪಿಯ ಕಡಿಯಾಳಿಯಲ್ಲಿ ಬಹಳ ಕಾಲ ಕಂಪ್ಯೂಟರ್ ರಿಪೇರಿಯ ಅಂಗಡಿ ನಡೆಸಿದವರು ಅವರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಅಲ್ಲಿಂದ ಕಾಪುವಿನ ಮನೆಗೆ ಬಂದದ್ದು ಈ ಒಂದು ಕಂಪ್ಯೂಟರ್, ಸ್ಕ್ರೂಡ್ರೈವರುಗಳ ಡಬ್ಬಿ ಮತ್ತು ಗೋಣಿಯಲ್ಲಿ ತುಂಬಿದ ಹಳೆಯ ಬಿಡಿಭಾಗಗಳು.

ಇವರಿಗೆ ನಾವು ಹೇಳಿದ್ದು ಅರ್ಥವಾಗುತ್ತದೆಯೇ, ಇಲ್ಲವೇ? ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಇದನ್ನೇ, ಅದೂ ಇವರ ಎದುರಿಗೇ. ತಲೆಗೊಂದು ಮಾತು. ಕಾರ್ಕಳದಲ್ಲಿರುವ ಇವರ ಅಕ್ಕ, "ಅವನಿಗೆ ಎಂತದೂ ಗೊತ್ತಾಗುದಿಲ್ಲ, ಪಾಪ, ಈಗ ಅವನು ಮಗುವಿನ ಹಾಗೆ" ಎಂದು ತೀರ್ಪು ಕೊಟ್ಟಾಗಿತ್ತು. ಮಣಿಪಾಲದಲ್ಲಿ ಮಾತಿನ ತರಬೇತಿ ಕೊಡುವವರು ಮಾತ್ರ, "ಅರ್ಥ ಆಗ್ತಾ ಇರಬಹುದು. ಹೇಳ್ಲಿಕ್ಕೆ ಆಗುದಿಲ್ಲ ಅಷ್ಟೆ" ಎಂದು, ಚಿತ್ರ ನೋಡಿ ಹೆಸರು ಹೇಳುವ ಅಭ್ಯಾಸಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ನನಗೆ ನಂಬುವ ಧೈರ್ಯವಿರಲಿಲ್ಲ. ನಂಬಿ, ಆಮೇಲೆ ಅದು ಸುಳ್ಳಾದರೆ ಆ ದುಃಖವನ್ನು ಎಲ್ಲಿಡುವುದು? ಆದ್ದರಿಂದ ನಾನೂ ಮಗುವಿನ ಹತ್ತಿರ ಮಾತಾಡಿದ ಹಾಗೆ ಉಣ್ಣುವಾ, ಮಲಗುವಾ ಎನ್ನುತ್ತಿದ್ದೆ.

ಅಭ್ಯಾಸ ಶುರು ಮಾಡೋಣವೆಂದರೆ ಕಂಪ್ಯೂಟರೇ ಏಳುತ್ತಿಲ್ಲ. ಅಂಗಡಿಯಲ್ಲಿ ಫೋನು ಎತ್ತಲು, ಟಾರ್ಚು ಹಿಡಿಯಲು ನಾನೇ ಇದ್ದವಳಲ್ಲವೇ, ಅಷ್ಟಿಷ್ಟು ಗೊತ್ತಿತ್ತು. ಬೇರೆ ಪ್ಲಗ್ಗಿಗೆ ಹಾಕಿದೆ, ವೈರು ಬದಲಿಸಿದೆ. ಇಲ್ಲ. ವೈರು ಕಿತ್ತು ಕಂಪ್ಯೂಟರಿನ ಡಬ್ಬದ ಬದಿಯ ತಗಡು ಬಿಚ್ಚಿದೆ. ಮೆಮೊರಿ ಪಟ್ಟಿಯನ್ನು ತೆಗೆದು ರಬ್ಬರಿನಲ್ಲಿ ಉಜ್ಜುವುದು ನಾನು ಅತಿ ಹೆಚ್ಚು ಸಲ ನೋಡಿದ ಚಿಕಿತ್ಸೆ. ಎಲ್ಲ ರೋಗಕ್ಕೂ ಒಂದೇ ಮದ್ದು ಎಂಬಂತೆ ಅದಕ್ಕೇ ಕೈ ಹಾಕಿದೆ.

ಇವರು ಎಡಗೈ ಎತ್ತಿದರು. ಅಂಗೈ ನನ್ನ ಕಡೆಗೆ.

"ನೀರು ಬೇಕಾ?" ಎಂದು ಲೋಟ ತಂದೆ. ಕುಡಿಯಲಿಲ್ಲ. ನಾನು ಮತ್ತೆ ಮೆಮೊರಿ ಪಟ್ಟಿ ಮುಟ್ಟಿದೆ, ಮತ್ತೆ ಆ ಕೈ ಮೇಲೆದ್ದಿತು. ಪಟ್ಟಿ ಬಿಟ್ಟೆ, ಕೈ ಇಳಿಯಿತು. ಆಮೇಲೆ ಅವರು ಬಾಗಿ ನನ್ನ ಕರಿಮಣಿ ಹಿಡಿದುಕೊಂಡರು. ನನಗೆ ಗಾಬರಿಯಾಯಿತು, ಎಂತ ಮಾರಾಯ್ರೆ ಇದು ಎಂದೆ. ಅವರ ಬೆರಳು ಹುಡುಕುತ್ತಿದ್ದದ್ದು ಕರಿಮಣಿಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನನ್ನು. ಅಂಗಡಿಯಲ್ಲೂ ಹಾಗೆಯೇ, ಸ್ವಂತದ್ದು ಎಂಬ ಒಂದು ಪಿನ್ನು ಇವರ ಹತ್ತಿರ ಎಂದೂ ಇರುತ್ತಿರಲಿಲ್ಲ. ಪಿನ್ನು ಬಿಚ್ಚಿ ಕೊಟ್ಟೆ. ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆಯನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಅದರಿಂದ ಬರುವ ದಪ್ಪ ವೈರುಗಳ ಗೊಂಚಲನ್ನು ಇವರು ತೋರಿಸಿದರು, ನಾನು ಕಿತ್ತೆ. ಹಸಿರು ವೈರಿನ ಮೇಲೆ ಬೆರಳಿಟ್ಟರು. ಆಮೇಲೆ ಪಕ್ಕದ ಕಪ್ಪು ವೈರಿನ ಮೇಲೆ. ಎರಡನ್ನೂ ಪಿನ್ನಿನಿಂದ ಸೇರಿಸಿ ಕರೆಂಟು ಕೊಟ್ಟರೆ ಪೆಟ್ಟಿಗೆಯ ಫ್ಯಾನು ತಿರುಗಬೇಕು. ತಿರುಗಲಿಲ್ಲ. ಪೆಟ್ಟಿಗೆ ಸತ್ತಿತ್ತು.

ನನಗೆ ಅಳು ಬಂತು, ಸಂತೋಷಕ್ಕೆ. ಎಲ್ಲವೂ ಗೊತ್ತುಂಟು ಇವರಿಗೆ!

ವೈರು ಕಿತ್ತು ಪೆಟ್ಟಿಗೆಯನ್ನು ಹೊರಗೆ ತೆಗೆದೆ. ಬಿಚ್ಚಲು ಹೊರಟರೆ ಮತ್ತೆ ಕೈ ಎದ್ದಿತು. ಹೌದು, ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕರೆಂಟು ಕಚ್ಚುತ್ತದೆ ಎಂದು ಇವರೇ ಹೇಳುತ್ತಿದ್ದರು. ಜಾಲರಿಯಿಂದಲೇ ಟಾರ್ಚು ಬಿಟ್ಟು ನೋಡಿದೆ. ಒಳಗೆ ಕುಂಕುಮದ ನೀರು ಹರಿದು ಒಣಗಿದ ಕಲೆ. ಫ್ಯಾನಿಗೆ ಅಂಟಿಕೊಂಡ ಒಂದು ತುಳಸಿ ಎಲೆ.

ಆಯುಧಪೂಜೆ! ನವರಾತ್ರಿ ಕಳೆದೊಡನೆ ಅಂಗಡಿಗೆ ಇಂಥ ಡಬ್ಬಗಳು ಬಂದು ಬೀಳುತ್ತಿದ್ದವು. "ದೇವರಿಗೆ ಭಕ್ತಿ ಸಾಕು, ಕಂಪ್ಯೂಟರಿಗೆ ಸ್ನಾನ ಬೇಡ" ಎಂದು ಇವರು ಗಿರಾಕಿಗಳಿಗೆ ಗದರುತ್ತಿದ್ದರು. ನಮ್ಮದಕ್ಕೆ ಒಂದು ಮಲ್ಲಿಗೆ ಚೆಂಡು, ಅಷ್ಟೇ. ಈ ಸಲ ಪೂಜೆ ಮಾಡಿದ್ದು ಕಾರ್ಕಳದ ಅಕ್ಕ. ತಮ್ಮ ಹುಷಾರಾಗಲಿ ಎಂದು ದೇವಸ್ಥಾನದಿಂದ ಬಾಟಲಿಯಲ್ಲಿ ತೀರ್ಥ ತಂದಿದ್ದರು. ಅಕ್ಕ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಆ ತೀರ್ಥ ಹೊಯ್ಯುವಾಗ ನಾನು ಅಡುಗೆಮನೆಯಲ್ಲಿದ್ದೆ. ಇವರ ಗಂಟಲಿನ ಸದ್ದು ಕೇಳಿ ಓಡಿ ಬಂದಾಗ ಎಡಗೈ ಮೇಲೆತ್ತಿ ಕುಳಿತಿದ್ದರು. "ತಮ್ಮನಿಗೆ ತೀರ್ಥ ಬೇಕಂತೆ ಮಾರಾಯ್ತಿ!" ಎಂದು ಅಕ್ಕ ಕಣ್ಣೊರೆಸಿಕೊಂಡರು. ಎಡಗೈಗೆ ತೀರ್ಥ ಕೊಡಬಾರದಲ್ಲ, ಅದಕ್ಕೆ ಜೀವವಿಲ್ಲದ ಬಲಗೈಯನ್ನು ತಾವೇ ಎತ್ತಿ ಹಿಡಿದು, ಅಂಗೈ ಬಗ್ಗಿಸಿ, ಅದರೊಳಗೆ ಹೊಯ್ದರು. ಇವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕೈಮುಗಿದು ನಿಂತಿದ್ದೆ.

ಆ ಸಂಜೆ ಗೋಣಿಯಿಂದ ಇವರು ಆರಿಸಿಕೊಟ್ಟ ಹಳೆಯ ಪೆಟ್ಟಿಗೆಯೊಂದನ್ನು ಜೋಡಿಸಿದೆ. ಕಂಪ್ಯೂಟರು ಎದ್ದಿತು. ಪರದೆಯ ಮೇಲೆ ಕೊಡೆ, ದನ, ಲೋಟ ಬಂದುಹೋದವು. ಇವರ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ನಾನೂ ಕೊಡೆಯನ್ನು ನೋಡುತ್ತಿರಲಿಲ್ಲ. ಬಂದ ಸಂತೋಷವೆಲ್ಲ ಇಳಿದಿತ್ತು. ಏಕೆಂದರೆ ಆ ಕೈ ಅದಕ್ಕಿಂತಲೂ ಮೊದಲು ಒಮ್ಮೆ ಎದ್ದಿತ್ತು.

ಅಂಗಡಿಯ ಬೀಗದ ಕೈ ಕೊಂಡುಹೋಗಲು, ಮೊಬೈಲ್ ಕವರು ಮಾರುವ ಹೊಸಬರು ಮನೆಗೆ ಬಂದ ದಿನ ಅದು. ಬೀಗದ ಕೈಯನ್ನು ನಾನು ತಟ್ಟೆಯಲ್ಲಿಟ್ಟು ಕೊಟ್ಟೆ. ಇವರು ಕೈ ಎತ್ತಿದರು. "ನೋಡಿ, ಆಶೀರ್ವಾದ ಮಾಡ್ತಾನೆ" ಎಂದರು ಅಕ್ಕ. ಬಂದವರು ಕಾಲಿಗೆ ಬಿದ್ದರು. ಎಂಥ ದೊಡ್ಡ ಮನಸ್ಸು ಎಂದು ನನಗೂ ಹೆಮ್ಮೆಯಾಗಿತ್ತು.

ಕಂಪ್ಯೂಟರು ಆರಿಸಿ ಇವರ ಎದುರು ಕುಳಿತೆ.

"ಅಂಗಡಿ ಕೊಡುದು ಬೇಡ ಅಂತಲಾ ನೀವು ಅವತ್ತು ಕೈ ಎತ್ತಿದ್ದು?"

ಅಲ್ಲ ಎಂದು ಕೈ ಎತ್ತಲಿ ಎಂದು ಎಷ್ಟೋ ಹೊತ್ತು ಕಾದೆ. ಕೈ ತೊಡೆಯ ಮೇಲೆಯೇ ಇತ್ತು. ಇವರು ಮುಖ ಗೋಡೆಗೆ ತಿರುಗಿಸಿಕೊಂಡರು.

ಈಗ ಇವರನ್ನು ಕೇಳದೆ ನಾನು ಏನನ್ನೂ ಮಾಡುವುದಿಲ್ಲ. ಕೇಳಿ, ಕೈಯನ್ನು ನೋಡಿ, ಆಮೇಲೆ ಮುಂದಿನ ಕೆಲಸ. ಆದರೆ ಇವರನ್ನು ಕೇಳಲಿಕ್ಕೆ ಉಳಿದಿರುವುದಾದರೂ ಏನು? ಕಿಟಕಿ ಹಾಕಲಾ, ಗಂಜಿಗೆ ಉಪ್ಪಿನಕಾಯಿ ಬಡಿಸಲಾ, ಅಷ್ಟೇ.