ಲೈನಲ್ಲೇ ಇರಿ, ಕೊಡ್ತೀನಿ

ನನ್ನ ಅತ್ತಿಗೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಗೋಡೆಗೆ ತಾಗಿದ ಸ್ವಿಚ್‌ಬೋರ್ಡು, ಕೂತೂ ಕೂತೂ ಎಡಕ್ಕೆ ವಾಲಿದ ಕುರ್ಚಿ, ಕಿಟಕಿ ಇಲ್ಲದ್ದಕ್ಕೆ ಪರಿಹಾರವಾಗಿ ಕೊಟ್ಟ ಒಂದು ಟೇಬಲ್ ಫ್ಯಾನು. ಯಾರು ಯಾವ ವಾರ್ಡು ಕೇಳಿದರೂ ಅವರ ಉತ್ತರ ಒಂದೇ: "ಲೈನಲ್ಲೇ ಇರಿ, ಕೊಡ್ತೀನಿ." ಮೊದಲ ಭಾಗವನ್ನು ಹಾಡಿನಂತೆ ಎಳೆದು, ಕೊನೆಯ ಮಾತನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ ಮುಗಿಸುತ್ತಿದ್ದರು.

ಈ ಮಾತು ಸಂಜೆ ಅವರ ಜೊತೆಗೇ ಮನೆಗೂ ಬರುತ್ತಿತ್ತು. ಅಣ್ಣ ಟವೆಲ್ ಕೇಳಿದರೂ ಅದೇ, ಮಗಳು ಬಾಚಣಿಗೆ ಕೇಳಿದರೂ ಅದೇ, ಬೆಕ್ಕು ಹಾಲಿಗೆ ಕೂಗಿದರೂ ಅದೇ.

"ಬೆಕ್ಕಿಗೂ ಬಹುವಚನ, ನನಗೂ ಬಹುವಚನ. ಈ ಮನೇಲಿ ನಮ್ಮಿಬ್ರಿಗೆ ಒಂದೇ ಮರ್ಯಾದೆ" ಎಂದು ಅಣ್ಣ ಗೊಣಗುತ್ತಿದ್ದ.

ಕೈಗೆ ಫೋನು ಬಂದಿರದ ಕಾಲ ಅದು. ಬೆಟ್ಟಸಾಲಿನ ಆಚೆ ಒಂದು ಚಿಕ್ಕ ಆಸ್ಪತ್ರೆಯಿತ್ತು. ಅಲ್ಲಿಂದ ನಮ್ಮ ಊರಿಗೆ ರೋಗಿಗಳನ್ನು ಕಳಿಸುವಾಗಲೆಲ್ಲ ಅಲ್ಲಿನ ಆಪರೇಟರ್ ಅತ್ತಿಗೆಗೆ ಫೋನ್ ಮಾಡಬೇಕು. ಡಾಕ್ಟರು ಫೋನಿಗೆ ಬರುವ ತನಕ ಇಬ್ಬರೂ ಮಾತಾಡುತ್ತಿದ್ದರು. ಡಾಕ್ಟರುಗಳು ನಿಧಾನಸ್ಥರಾದ್ದರಿಂದ ಸ್ನೇಹ ಗಟ್ಟಿಯಾಯಿತು. ಅತ್ತಿಗೆ ಆಕೆಯನ್ನು "ಆಚೆಯವಳು" ಎನ್ನುತ್ತಿದ್ದರು. ಆಚೆಯವಳ ಮಂಡಿನೋವು, ತಮ್ಮನ ಮುಂಗೋಪ, ಸೋರುವ ಅಡುಗೆಮನೆ, ಎಲ್ಲವೂ ನಮಗೆ ಊಟದ ಜೊತೆ ಬಡಿಸಿದಷ್ಟು ಪರಿಚಿತ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಒಂದು ಸಂಜೆ ಅತ್ತಿಗೆ ತಟ್ಟೆಯ ಮುಂದೆ ಸುಮ್ಮನೆ ಕೂತರು. ಮನೆಯವರಿಗೆಲ್ಲ ಗಾಬರಿಯಾಯಿತು.

"ಆಚೆಯವಳ ಆಸ್ಪತ್ರೆಗೆ ತಾನಾಗೇ ಲೈನ್ ಕೊಡೋ ಮೆಷಿನ್ ಬಂತಂತೆ. ಇವಳಿಗೆ ಮನೆಗೆ ಹೋಗು ಅಂದ್ರಂತೆ. ಭಾನುವಾರ ಸಂಜೆ ಬಸ್ಸಲ್ಲಿ ಹೊರಟು, ರಾತ್ರಿ ರೈಲು ಹಿಡಿದು, ತಮ್ಮನ ಊರಿಗೆ. ಇನ್ನು ಬರೋದಿಲ್ವಂತೆ. ಇಷ್ಟು ವರ್ಷ ಮಾತಾಡಿದವಳ ಮೂಗು ಹೇಗಿದೆ ಅಂತಾನೂ ನನಗೆ ಗೊತ್ತಿಲ್ಲ."

ಬೆಟ್ಟದ ರಸ್ತೆ ಮಳೆಗೆ ಕುಸಿದು, ನಮ್ಮ ಕಡೆಯಿಂದ ಬಸ್ಸು ನಿಂತಿತ್ತು. ಸುತ್ತುಬಳಸಿ ಹೋದರೆ ತಲುಪುವಷ್ಟರಲ್ಲಿ ಆಕೆ ರೈಲಲ್ಲಿರುತ್ತಾಳೆ. ಕುಸಿದ ಜಾಗವನ್ನು ನಡೆದು ದಾಟಬಹುದು, ಸೈಕಲ್ ಹೊತ್ತು ದಾಟಬಹುದು. ಅಷ್ಟು ಹೇಳಿ ಅತ್ತಿಗೆ ನನ್ನ ಮುಖ ನೋಡಿದರು. ಅಣ್ಣನೂ ನೋಡಿದ. ಅವರ ತಪ್ಪೇನಿಲ್ಲ. ಗೇರುಗಳಿರುವ ದೂರಪ್ರಯಾಣದ ಸೈಕಲ್ ಕೊಂಡು, ದೇಶ ಸುತ್ತುವ ಮಾತಾಡುತ್ತಾ, ಅದನ್ನು ನೀರು ಪರೀಕ್ಷಿಸುವ ನನ್ನ ಲ್ಯಾಬಿಗೂ ಮನೆಗೂ ಮಾತ್ರ ಓಡಿಸುತ್ತಿದ್ದವನು ನಾನು.

"ಆಚೆಯವಳನ್ನ ದಾರಿ ಕೇಳಿದೆ ಕಣಯ್ಯಾ" ಎಂದರು ಅತ್ತಿಗೆ. "ಎರಡೂರಿನ ಮಧ್ಯೆ ಇರೋದು ಒಂದೇ ಏರು ಅಂತೆ."

ಒಂದೇ ಏರು! ನಾನು ವಿಜ್ಞಾನದ ಪದವೀಧರ; ಬಂದ ಮಾಹಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವನು. ಒಂದು ಏರಿಗೆ ಬೇಕಾದ ನೀರು, ಬಿಸ್ಕತ್ತು, ವಿಶ್ರಾಂತಿ ಎಲ್ಲವನ್ನೂ ನಿಗದಿ ಮಾಡಿ, ಮಧ್ಯಾಹ್ನದ ಊಟ ಆಚೆಯವಳ ಜೊತೆಗೇ ಎಂದು ಘೋಷಿಸಿದೆ.

ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟೆವು. ನನಗೆ ಹೆಲ್ಮೆಟ್, ಕೈಗವಸು, ಬಿಗಿ ಚಡ್ಡಿ. ಅತ್ತಿಗೆಗೆ ದಿನಾ ಕೆಲಸಕ್ಕೆ ಹೋಗುವ ಬುಟ್ಟಿ ಸೈಕಲ್ಲು, ಬುಟ್ಟಿಯಲ್ಲಿ ಬಾಳೆಹಣ್ಣು, ಕೊಡೆ. ಅಣ್ಣ ಬಾಗಿಲಲ್ಲಿ ನಿಂತು, "ಸರ್ಕಸ್ಸಿನವರು ಹೊರಟ್ರು" ಎಂದ.

ಏರು ಬಿದಿರಮೆಳೆ ದಾಟಿದ ಕೂಡಲೇ ಶುರುವಾಯಿತು. ಮೊದಲ ತಿರುವಿನಲ್ಲೇ ಅತ್ತಿಗೆ ಇಳಿದು ತಳ್ಳತೊಡಗಿದರು. ಅವರಿಗಾಗಿ ಮೇಲೆ ಕಾಯುತ್ತೇನೆಂದು ನಾನು ಉದಾರವಾಗಿ ಹೇಳಿ, ಅತ್ಯಂತ ಹಗುರ ಗೇರಿಗೆ ಬದಲಿಸಿ ತುಳಿದೆ. ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ನೋಡಿದರೆ ಅತ್ತಿಗೆ ಮಾತಾಡುತ್ತಾ ನಡೆದು ಬರುತ್ತಿದ್ದಾರೆ. ನನ್ನ ಕಾಲು ಗಿರಗಿಟ್ಲೆಯಂತೆ ತಿರುಗುತ್ತಿತ್ತು; ನಾನು ಮಾತ್ರ ಅವರ ಪಕ್ಕದಲ್ಲೇ ಇದ್ದೆ.

"ನಿನ್ನ ಸೈಕಲ್ಲು ತುಂಬ ಮರ್ಯಾದಸ್ಥ ಕಣಯ್ಯಾ. ಅತ್ತಿಗೇನ ಬಿಟ್ಟು ಮುಂದೆ ಹೋಗೋದೇ ಇಲ್ಲ."

ಬಿಸಿಲು ಏರಿತು. ಕಾಡಿನೊಳಗೆ ಗಾಳಿಯೇ ಇಲ್ಲ, ಹಬೆಯ ಪಾತ್ರೆಯೊಳಗೆ ಕೂತಂತೆ. ಜೀರುಂಡೆಗಳು ಕಿವಿಯಲ್ಲೇ ಕೂತು ಗರಗಸ ಎಳೆಯುತ್ತಿದ್ದವು. ಪ್ರತಿ ತಿರುವಿನಲ್ಲೂ ಇದೇ ಕೊನೆಯದು ಎನ್ನುತ್ತಿದ್ದೆ. ಪ್ರತಿ ತಿರುವೂ ಇನ್ನೊಂದನ್ನು ತೋರಿಸುತ್ತಿತ್ತು. ಇಡೀ ದಿನಕ್ಕೆಂದು ತಂದ ನೀರು ಮಧ್ಯಾಹ್ನಕ್ಕೆ ಮೊದಲೇ ಮುಗಿಯಿತು. ಝರಿಯ ನೀರು ಕಂಡಾಗ, ಪರೀಕ್ಷಿಸದ ನೀರಿನ ಅಪಾಯಗಳ ಕುರಿತು ಅತ್ತಿಗೆಗೆ ತಿಳಿಹೇಳಿ, ಅವರಿಗಿಂತ ಮೊದಲು ಬಾಯಿ ಹಾಕಿದೆ. ಕುಸಿದ ಜಾಗದಲ್ಲಿ ಕೆಂಪು ಕೆಸರು ಮಂಡಿಯವರೆಗೆ. ಸೈಕಲ್ ನನ್ನನ್ನು ಹೊರುವ ಬದಲು ನಾನು ಅದನ್ನು ಹೊತ್ತೆ. ದಾಟಿ ನೋಡಿದರೆ ಬಿಗಿ ಚಡ್ಡಿಯ ಕೆಳಗೆ ಜಿಗಣೆಗಳು ಸಾಲಾಗಿ ಊಟಕ್ಕೆ ಕೂತಿದ್ದವು.

ಆಚೆಯಿಂದ ಕುಡುಗೋಲು ಹಿಡಿದು ಒಬ್ಬ ಹುಲ್ಲು ಕೊಯ್ಯುವವನು ಬಂದ. "ಇನ್ನೆಷ್ಟು ಏರಿದೆ?" ಎಂದೆ.

"ಎಷ್ಟು ಅಂದ್ರೆ? ಕೆಳಗಿಂದ ತುದೀವರೆಗೂ ಒಂದೇ ಏರು. ಮಧ್ಯೆ ಎಲ್ಲೂ ಇಳಿಯೋದೇ ಇಲ್ಲ."

ಅತ್ತಿಗೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಆಚೆಯವಳು ಹೇಳಿದ್ದು ಇದನ್ನೇ. ಅವಳು ಎಚ್ಚರಿಕೆ ಕೊಟ್ಟಿದ್ದಳು, ನಾನು ಬಿಸ್ಕತ್ತು ಎಣಿಸಿದ್ದೆ.

ತುದಿ ತಲುಪಿದಾಗ ಬಿಸಿಲು ಇಳಿಮುಖವಾಗಿತ್ತು. "ಬಸ್ಸು ಸಿಗುತ್ತಾ?" ಎಂದರು ಅತ್ತಿಗೆ. ಆ ದಿನ ಮೊದಲ ಬಾರಿಗೆ ಅವರ ದನಿ ಸಣ್ಣದಾಗಿತ್ತು. "ಇಳಿಜಾರಲ್ಲಿ ನೋಡಿ ನನ್ನ ಸೈಕಲ್ಲನ್ನ" ಎಂದೆ. ಅವರು ನೋಡಿದರು. ಮಳೆ ಶುರುವಾಯಿತು, ರಸ್ತೆ ಎಡಕ್ಕೆ ತಿರುಗಿತು, ನಾನು ತಿರುಗಲಿಲ್ಲ. ಕಾಡುಬಾಳೆಯ ಗಿಡವೊಂದು ನನ್ನನ್ನು ತಬ್ಬಿ ಹಿಡಿಯಿತು. ಚೈನು ಸಿಕ್ಕಿಕೊಂಡಿತ್ತು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಎಲೆಯ ಮೇಲೆ ಜೋಡಿಸುತ್ತಿದ್ದಾಗ ಅತ್ತಿಗೆ ಕೊಡೆ ಹಿಡಿದು ನಿಂತು ಬೇಡಿದರು: "ಸೈಂಟಿಸ್ಟೇ, ಕೈಮುಗೀತೀನಿ, ಪ್ರದರ್ಶನ ಆಮೇಲೆ ಇಡು."

ಸೈಕಲ್ ಹೊರಟಿತು, ಕಟಕಟ ಎನ್ನುತ್ತಾ. ಅತ್ತಿಗೆಯ ಬೆಲ್ಲಿಗೆ ಕೆಸರು ತುಂಬಿತ್ತು. ಬ್ರೇಕು ಅರ್ಧ ಹಿಡಿಯುತ್ತಿತ್ತು. ಆದ್ದರಿಂದ ಉಳಿದ ಇಳಿಜಾರು ಪೂರ್ತಿ ಅವರೇ ಬೆಲ್ಲಾದರು. "ದಾರಿ ಬಿಡೀ!" ಮನುಷ್ಯರಿಗೆ, ಮೇಕೆಗಳಿಗೆ, ಕೊನೆಗೆ ಒಂದು ಬಂಡೆಗೂ. ಊರು ಮುಟ್ಟುವಷ್ಟರಲ್ಲಿ ಅವರ ಗಂಟಲು ಪೂರ್ತಿ ಕಟ್ಟಿತ್ತು.

ಬಸ್‌ಸ್ಟ್ಯಾಂಡ್ ಅಂದರೆ ತಗಡಿನ ಒಂದು ಮಾಡು, ಬೆನ್ನಿಗೆ ಬೆನ್ನು ತಾಗಿಸಿಟ್ಟ ಎರಡು ಬೆಂಚು. ಬಸ್ಸಿರಲಿಲ್ಲ. ಟಿಕೆಟ್ ಕಿಟಕಿಯವನು ಬೀಗ ಹಾಕುತ್ತಿದ್ದ.

"ಸಂಜೆ ಬಸ್ಸಾ? ಆಗಲೇ ಹೋಯ್ತಲ್ಲ. ಇವತ್ತು ಅಪರೂಪಕ್ಕೆ ಸರಿಯಾದ ಸಮಯಕ್ಕೆ ಹೊರಟಿತ್ತು."

ಅತ್ತಿಗೆ ಬೆಂಚಿನ ಮೇಲೆ ಕೂತರು. ಬೈದಿದ್ದರೆ ವಾಸಿಯಿತ್ತು. ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡರು. ಒರೆಸಿದ್ದು ಕೆಸರು ಮಾತ್ರ ಅಲ್ಲವೆಂದು ನನಗೆ ಗೊತ್ತಾಯಿತು. ಎಲೆಯ ಮೇಲಿನ ಜೋಡಣೆ ಕಣ್ಣ ಮುಂದೆ ಬಂತು.

ಏನಾದರೂ ಮಾಡಬೇಕೆಂದು ಬೀದಿಗಿಳಿದೆ. ಆಕೆ ಬಸ್ಸು ಹತ್ತದೆ ಉಳಿದಿದ್ದರೂ ಉಳಿದಿರಬಹುದಲ್ಲ! ಆಚೆಯವಳದು ತೆಳು ದನಿ ಎಂದು ಅತ್ತಿಗೆ ಹೇಳಿದ್ದರಿಂದ ತೆಳುವಾದ ಹೆಂಗಸರನ್ನೇ ಆರಿಸಿ ವಿಚಾರಿಸಿದೆ. ಕೆಸರಲ್ಲಿ ಅದ್ದಿ ತೆಗೆದ, ಹೆಲ್ಮೆಟ್ಟಿನ ಗಂಡಸನ್ನು ಕಂಡು ಒಬ್ಬಾಕೆ ಬಾಗಿಲು ಹಾಕಿಕೊಂಡಳು, ಇನ್ನೊಬ್ಬಾಕೆ ನಾಯಿ ಬಿಟ್ಟಳು. ನಾಯಿಯ ಮುಂದೆ ಓಡಿ ಮತ್ತೆ ಬೆಂಚಿಗೇ ಬಂದು ಬಿದ್ದೆ. ಹಿಂದಿನ ಬೆಂಚಿನಲ್ಲಿ ದಪ್ಪನೆಯ ಹೆಂಗಸೊಬ್ಬಳು ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ನಮಗೆ ಬೆನ್ನು ಹಾಕಿ ರಸ್ತೆ ನೋಡುತ್ತಿದ್ದಳು. ನಾವು ಬರುವ ಮೊದಲಿಂದಲೂ ಅಲ್ಲೇ ಇದ್ದಳೆಂದು ಕಾಣುತ್ತದೆ. ದಪ್ಪಗಿದ್ದದ್ದರಿಂದ ನಾನು ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅತ್ತಿಗೆಯ ಬುಟ್ಟಿಯಲ್ಲಿ ಝರಿಯ ನೀರಿನ ಬಾಟಲಿಯಿತ್ತು. ಏದುಸಿರು ಬಿಡುತ್ತಾ ಕೈ ಚಾಚಿದೆ. "ಅತ್ತಿಗೆ, ನೀರು."

ಕಟ್ಟಿದ ಗಂಟಲಲ್ಲಿ, ಎಲ್ಲೋ ನೋಡುತ್ತಾ, ಅಭ್ಯಾಸದ ಬಲದಿಂದ ಅವರೆಂದರು: "ಲೈ...ನಲ್ಲೇ ಇರಿ, ಕೊಡ್ತೀನಿ."

ದನಿ ಅವರದಾಗಿರಲಿಲ್ಲ, ಕಪ್ಪೆಯದಾಗಿತ್ತು. ಆದರೆ ಎಳೆತವೂ ಕತ್ತರಿಯೂ ಅವರದೇ. ಹಿಂದಿನ ಬೆಂಚು ಕಿರುಗುಟ್ಟಿತು.

"ಏನೇ ಇದು, ಗಂಟಲಿಗೇನಾಯ್ತು?" ತೆಳ್ಳನೆಯ ದನಿ, ಆ ದಪ್ಪ ಮೈಯಿಂದ.

ಅತ್ತಿಗೆ ಬಾಟಲಿ ಕೈಬಿಟ್ಟರು. ತಿರುಗಿ ನೋಡಿದರು, ಎದ್ದರು, ಮತ್ತೆ ಕೂತರು.

"ಬಸ್ಸು ಹೋಯ್ತಲ್ಲೇ! ರೈಲು?"

"ಅದೂ ಹೋಯ್ತು ಅಂತಿಟ್ಕೋ. ನೀನು ಬರ್ತೀನಿ ಅಂದಿದ್ದೆ, ನೋಡದೇ ಹೋದ್ರೆ ಹೇಗೆ ಅಂತ ಕೂತೆ. ತಮ್ಮ ಬೈದ್ರೆ ಬೈಲಿ. ನೀನು ಉದ್ದಕೆ ಬೆಳ್ಳಗೆ ಇರ್ತೀಯ ಅಂದ್ಕೊಂಡು ರಸ್ತೆ ನೋಡ್ತಾ ಇದ್ದೆ. ಯಾರೋ ಕೆಸರಿನವಳು ಬಂದು ಕೂತಳು ಅಂತ ಈ ಕಡೆ ತಿರುಗಿಬಿಟ್ಟೆ."

ಮೂಗು ನೋಡಿದ್ದಾಯಿತು. ಕೈ ಹಿಡಿದುಕೊಂಡದ್ದಾಯಿತು. ಆಮೇಲೆ ವಿಚಿತ್ರವಾಯಿತು: ಇಬ್ಬರಿಗೂ ಮಾತು ಹೊರಡಲಿಲ್ಲ. ಎದುರಿಗೆ ಮುಖವಿತ್ತು, ಮುಖದ ಜೊತೆ ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಒಬ್ಬರು ಸೆರಗು ಸರಿಮಾಡಿದರು, ಇನ್ನೊಬ್ಬರು ಪೆಟ್ಟಿಗೆಯ ಬೀಗ ಎಳೆದು ನೋಡಿದರು.

"ತಡಿ" ಎಂದಳು ಆಚೆಯವಳು. ಹೋಗಿ ತನ್ನ ಬೆಂಚಿನಲ್ಲೇ, ಬೆನ್ನು ಹಾಕಿ ಕೂತಳು. ಅತ್ತಿಗೆಯೂ ಒರಗಿದರು. ಬೆನ್ನಿಗೆ ಬೆನ್ನು ತಾಗಿತು.

"ಹಲೋ" ಎಂದರು ಅತ್ತಿಗೆ.

"ಹೇಳು. ಊಟ ಆಯ್ತಾ?"

ಆಮೇಲೆ ಮಾತು ನಿಲ್ಲಲಿಲ್ಲ. ಮಳೆ ತಗಡಿನ ಮೇಲೆ ಜೋರಾದಾಗ ಇಬ್ಬರೂ ದನಿ ಏರಿಸಿದರು, ಕೆಟ್ಟ ಲೈನಿನಲ್ಲಿ ಏರಿಸುವ ಹಾಗೆ. ನಾನು ಕಾಲು ಹಿಡಿದುಕೊಂಡು ನೆಲದ ಮೇಲೆ ಉದ್ದಕೆ ಮಲಗಿದ್ದೆ. ಆಚೆಯವಳು ಮಧ್ಯೆ ಒಮ್ಮೆ ಬಗ್ಗಿ ನನ್ನನ್ನು ನೋಡಿ, "ಇವರೇನಾ ನಿನ್ನ ಸೈಂಟಿಸ್ಟು? ನಾನು ಮೊದಲೇ ಹೇಳಿರಲಿಲ್ವಾ, ಒಂದೇ ಏರು ಅಂತ?" ಎಂದಳು.

"ಹೇಳಿದ್ರಿ" ಎಂದೆ. ನೀರು ಇನ್ನೂ ಸಿಕ್ಕಿರಲಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ, ಲೈನು ಬಿಡುವಾಗಿರಲಿಲ್ಲ.