ಹುಣಸೆಮರದ ಗದ್ದೆಯ ಕಾರ್ಡು

ದಿನಾ ಅಂಟು ಕಾಯಿಸುವವನಿಗೆ ಅಂಟಿನ ವಾಸನೆ ಗೊತ್ತೇ ಆಗುವುದಿಲ್ಲ. ಆದರೆ ಮೊನ್ನೆ ಅಂಗಡಿಗೆ ಸುಣ್ಣ ಬಳಿಯಲೆಂದು ಅಟ್ಟದ ಸಾಮಾನು ಇಳಿಸಿದಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಹಳೇ ಮೈದಾ ಅಂಟು, ಹುಳ ಹಿಡಿಯದಿರಲಿ ಎಂದು ಅದಕ್ಕೆ ಹಾಕಿದ ಮೈಲುತುತ್ತ... ಲೈಬ್ರರಿ ಸರ್ ನೆನಪಾದರು. ಅಲ್ಲೇ ಕೂತುಬಿಟ್ಟೆ.

ಕಂಪ್ಲಿಯಲ್ಲಿ ನನ್ನದು ಬೈಂಡಿಂಗ್ ಅಂಗಡಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಂಗಡಿ ಹಾಕಿದಾಗ ಹರಿದ ಪುಸ್ತಕ ತಂದುಕೊಟ್ಟ ಮೊದಲ ಗಿರಾಕಿ ಅವರೇ. ಊರಿನ ಸಣ್ಣ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅಂಚೆ ಮೂಲಕ ಲೈಬ್ರರಿ ವಿಷಯದಲ್ಲೇ ಎಂ.ಎ. ಮಟ್ಟದ ಓದಿಗೆ ಸೇರಿಕೊಂಡಿದ್ದರು. ಪಾಸಾದರೆ ಹೊಸಪೇಟೆ ಕಡೆ ಯಾವುದಾದರೂ ಕಾಲೇಜಿನಲ್ಲಿ ಕೆಲಸ ಸಿಗುತ್ತದೆ ಎನ್ನುವ ಆಸೆ.

"ಪುಸ್ತಕ ಜೋಡ್ಸಾಕ ಎಂಎ ಬೇಕೇನ್ರಿ ಸರ? ನಮ್ಮವ್ವನೂ ಅಡಿಗಿಮನ್ಯಾಗ ಡಬ್ಬಿ ಜೋಡಿಸ್ತಾಳ. ಆಕಿಗೂ ಒಂದು ಕೊಡ್ಸ್ರಿ" ಎಂದು ಕಾಡಿಸುತ್ತಿದ್ದೆ.

"ನಿಮ್ಮವ್ವ ಊರಿಗೆ ಹೋದ ದಿನ ಸಾಸಿವಿ ಎಲ್ಲೈತಿ ಅಂತ ನಿನಗ ಗೊತ್ತಾಗತೈತೇನಲೇ? ಅದನ್ನಾ ನಾನು ಓದಾದು" ಎನ್ನುತ್ತಿದ್ದರು.

ಒಮ್ಮೆ ಲೈಬ್ರರಿಯಲ್ಲಿ ಪುಸ್ತಕಕ್ಕೊಂದರಂತೆ ಹೆಸರು ಬರೆದಿಡುವ ಕಾರ್ಡುಗಳ ಪೆಟ್ಟಿಗೆ ರಿಪೇರಿಗೆ ಬಂತು. ನಾನು ಕಾರ್ಡುಗಳನ್ನೆಲ್ಲ ಗೋಣಿಚೀಲಕ್ಕೆ ಸುರಿದಿದ್ದೆ. ಸರ್ ಬಯ್ಯಲಿಲ್ಲ. ಎರಡು ದಿನ ನನ್ನ ಪಕ್ಕ ಕೂತು ಅ, ಆ, ಇ, ಈ ಪ್ರಕಾರ ಜೋಡಿಸುವುದನ್ನು ಕಲಿಸಿದರು. "ಇದಕ್ಕ ವರಸಿ ಅಂತಾರ. ವರಸಿ ತಪ್ಪಿದ್ರ ಪುಸ್ತಕ ಇದ್ದೂ ಇಲ್ಲದಂಗ." ನನಗೆ ಮೇಷ್ಟ್ರುಗಳು ತಲೆಗೆ ಹೊಡೆದು ಕಲಿಸಲಾಗದ್ದು ಆ ಎರಡು ದಿನದಲ್ಲಿ ಬಂತು. ಭಾಳ ಹೆಮ್ಮೆಯಾಯಿತು.

ಓದಿನ ಕೊನೆಗೆ ಅವರು ಒಂದು ಪ್ರಬಂಧ ಬರೆದು ಕಳಿಸಬೇಕಿತ್ತು. ಅದಕ್ಕೆ ನಮ್ಮ ಹಳೇ ಕಾಲುವೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ತಾತನನ್ನು ಹಿಡಿದರು. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಯಾವ ಗದ್ದೆ ಆದಮೇಲೆ ಯಾವ ಗದ್ದೆಗೆ ಬಿಡಬೇಕು ಎನ್ನುವುದು ತಾತನ ತಲೆಯಲ್ಲಿ ಮಾತ್ರ ಇತ್ತು. ಕಾಗದದಲ್ಲಿ ಎಲ್ಲೂ ಇರಲಿಲ್ಲ. ಸರ್ ಒಂದು ಬೇಸಿಗೆ ಪೂರ್ತಿ ಸೈಕಲ್ ತುಳಿದು ಹೋಗಿ ಗದ್ದೆಗೊಂದು ಕಾರ್ಡು ಬರೆದು, ತಾತ ಹೇಳಿದ ನೀರಿನ ಸರದಿಯಂತೆ ಒಂದರ ಹಿಂದೊಂದು ಇಟ್ಟರು. ತಾತ ಮಾತು ತಿದ್ದಿದರೆ ಕಾರ್ಡನ್ನು ಹಿಂದೆ ಮುಂದೆ ಸರಿಸಿದರೆ ಆಯಿತು. ನಂಬರು ಕೊನೆಗೆ ಹಾಕೋಣ ಎಂದು ಬಿಟ್ಟಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ...

ಒಂದು ಮಧ್ಯಾಹ್ನ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದರು. ದಾರ ಕಟ್ಟಿದ ಕಾರ್ಡಿನ ಕಟ್ಟು ನನ್ನ ಕೈಗಿಟ್ಟರು.

"ತಾತ ಹೋಗಿಬಿಟ್ಟನಂತೋ. ಮಣ್ಣಿಗೆ ಹೊಂಟೀನಿ. ಇವಕ್ಕ ಒಂದು ಡಬ್ಬಿ ಮಾಡಿಡು. ವರಸಿ ತಪ್ಪಬಾರದು ನೋಡು."

ಡಬ್ಬಿ ಮಾಡಿದೆ. ಕಟ್ಟು ಬಿಚ್ಚಿ ನೋಡಿದರೆ ಮೊದಲ ಕಾರ್ಡೇ ಹುಣಸೆಮರದ ಗದ್ದೆ. 'ಹ' ಎಲ್ಲಾದರೂ ಮೊದಲು ಬರುತ್ತದೆಯೇ? ಪಾಪ, ದುಃಖದಲ್ಲಿ ಸರ್ ಕಲಸಿಬಿಟ್ಟಿದ್ದಾರೆ ಎಂದುಕೊಂಡೆ. ಹೊತ್ತು ಮುಳುಗುವುದರೊಳಗೆ ನೂರಕ್ಕೂ ಮೇಲಿದ್ದ ಕಾರ್ಡುಗಳನ್ನು ಅ ಆ ಇ ಈ ಪ್ರಕಾರ ಜೋಡಿಸಿದೆ. ಒಂದೂ ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಸರ್ ಬಂದು ಮುಚ್ಚಳ ತೆಗೆದರು.

"ಅಗಸಿಮುಂದಿನ ಗದ್ದಿ ಯಾಕೋ ಮ್ಯಾಲೈತಿ?"

"ಅ ಮೊದಲಲ್ಲೇನ್ರಿ ಸರ?" ಎಂದೆ ನಾನು, ನಗುತ್ತಾ.

ಅವರು ಪೇಪರ್ ಬಂಡಲ್ ಮೇಲೆ ಕೂತರು. ಒಂದೊಂದೇ ಕಾರ್ಡು ತೆಗೆದು ನೋಡಿದರು. ಕೊನೆಯದನ್ನೂ ಡಬ್ಬಿಗಿಟ್ಟು, "ಹೌದಪ. ಅ ಮೊದಲು. ನಾನಾ ಕಲಿಸಿದ್ನಲ್ಲ" ಎಂದರು. ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು.

ತಾತನ ವರಸೆ ಮತ್ತೆ ಸಿಕ್ಕೀತೇನೋ ಎಂದು ಇಬ್ಬರೂ ಸೈಕಲ್ ಹತ್ತಿ ಕಾಲುವೆ ಗುಂಟ ಹೋಗಿ ರೈತರನ್ನು ಕೇಳಿದೆವು. "ನಮ್ಮ ಗದ್ದಿನಾ ಮೊದಲರಿ ಸರ, ಬರಕೋರಿ" ಎಂದ ಒಬ್ಬ. ಅವನ ಪಕ್ಕದವನು, "ಲೇ, ನಿಂದು ಯಾವತ್ತು ಮೊದಲಿತ್ತಲೇ? ನಮ್ಮದು ಬರೀರಿ" ಎಂದ. ಅವರ ಜಗಳ ಬಿಡಿಸಿ ಬರಬೇಕಾಯಿತು. ಒಬ್ಬ ಮುದುಕಿ ಮಾತ್ರ, "ಹುಣಸಿಮರದ್ದು ಮೊದಲು, ಮರಳು ನೆಲ, ಜಲ್ದಿ ಒಣಗತೈತಿ. ಅದರ ಮುಂದಿಂದು ಗೊತ್ತಿಲ್ಲಪ್ಪ. ತಾತ ಇದ್ನಲ್ಲ, ನಾವ್ಯಾಕ ನೆನಪಿಟ್ಕೋಬೇಕಿತ್ತು?" ಎಂದಳು.

ಪ್ರಬಂಧ ಕಳಿಸುವ ದಿನ ಹತ್ತಿರ ಬಂತು. "ಅ ಆ ವರಸಿನಾಗ ಕಳಿಸಿಬಿಡ್ರಿ ಸರ. ಅಲ್ಲೆಲ್ಲೋ ಕುಂತೋರಿಗೆ ಏನ್ ಗೊತ್ತಾಗತೈತಿ?" ಎಂದೆ.

"ಅವರಿಗೆ ಗೊತ್ತಾಗಾದಿಲ್ಲ. ಕಾಲಿವಿ ನೀರಿಗೆ ಗೊತ್ತಾಗತೈತಿ" ಎಂದರು.

ಕಳಿಸಲಿಲ್ಲ. ಎಂ.ಎ. ಆಗಲಿಲ್ಲ. ಆಮೇಲೆ ಸಂಡೂರು ತಾಲ್ಲೂಕಿಗೆ, ಚೋರನೂರು ಕಡೆ ವರ್ಗವಾಯಿತು. ಹೋಗುವಾಗ ಡಬ್ಬಿ ನನ್ನ ಮುಂದೆ ಇಟ್ಟು, "ನಿನ್ನತ್ರನಾ ಇರಲಿ. ಡಬ್ಬಿ ಚೊಲೊ ಮಾಡೀಯಲೇ" ಎಂದರು. ಕಾಲಿಗೆ ಬಿದ್ದು ತಪ್ಪಾಯ್ತು ಅನ್ನಬೇಕಿತ್ತು. ಡಬ್ಬಿ ಎತ್ತಿ ಅಟ್ಟಕ್ಕೆ ಇಟ್ಟೆ. ಒಂದು ಸಲ ಹೋಗಿ ಬಂದರಾಯ್ತು ಎಂದುಕೊಂಡೆ. ಮದುವೆ ಸೀಸನ್ನು, ಶಾಲೆ ಸೀಸನ್ನು, ಮಿಷಿನ್ನು ಕೆಟ್ಟಿತು... ನೆಪಕ್ಕೇನು ಬರ. ಹೋದ ವರ್ಷ ಲೈಬ್ರರಿಯ ಹೊಸ ಸಾಹೇಬರು ಪುಸ್ತಕ ಕೊಡಲು ಬಂದಾಗ ಮಾತಿನ ನಡುವೆ ಹೇಳಿದರು, ಸರ್ ತೀರಿಕೊಂಡು ಆರು ತಿಂಗಳಾಯಿತಂತೆ.

ಈಗ ಯಾರು ಬಿಡಿ ಹಾಳೆ ತಂದರೂ ನಾನು ಮೊದಲು ಪೆನ್ಸಿಲ್ಲಿನಲ್ಲಿ ಮೂಲೆಗೆ ನಂಬರು ಹಾಕುತ್ತೇನೆ. ಆಮೇಲೆಯೇ ದಾರ ಬಿಚ್ಚುವುದು. ಗಿರಾಕಿಗಳು ನಗುತ್ತಾರೆ, ನಗಲಿ.

ಮೊನ್ನೆ ಡಬ್ಬಿಯಿಂದ ಹುಣಸೆಮರದ ಗದ್ದೆಯ ಕಾರ್ಡು ಹುಡುಕಿ ಎಲ್ಲಕ್ಕಿಂತ ಮುಂದೆ ಇಟ್ಟೆ. ಮೂಲೆಯಲ್ಲಿ ಒಂದು ಎಂದು ಬರೆದೆ. ಎರಡನೆಯದು ಯಾವುದು... ಪೆನ್ಸಿಲ್ ಹಿಡಿದು ಕೂತೇ ಇದ್ದೆ. ಗೊತ್ತಿದ್ದ ತಾತ ಇಲ್ಲ. ಬರೆದುಕೊಂಡ ಸರ್ ಇಲ್ಲ. ಕಲಸಿದ ನಾನು ಇದ್ದೇನೆ.