ಸರ್ವರ್ ರೂಮಿನ ಬಾಗಿಲು

ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ, ದೇಶ ದೇಶದವರ ದುಡ್ಡು ನೋಡಿಕೊಳ್ಳುವ ದೊಡ್ಡ ಕಂಪನಿಯಲ್ಲಿ ನಾನು ಎ.ಸಿ. ಮೆಕ್ಯಾನಿಕ್. ಸಂಬಳ ಕೊಡುವವನು ಕಾಂಟ್ರಾಕ್ಟರ್. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಪೀಣ್ಯದ ಶೆಡ್ಡಿನಲ್ಲಿ ಕೆಲಸ ಕಲಿತವನು. ನಾನು ರಿಪೇರಿ ಮಾಡಿದ ಮೆಷಿನ್ನಿಗೆ ಮತ್ತೊಬ್ಬರು ಕೈ ಹಾಕಬೇಕಾಗಿ ಬಂದಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಕಂಪನಿಯಲ್ಲಿ ನನಗಿದ್ದ ಹೆದರಿಕೆಯೆಲ್ಲ ಬಾಗಿಲುಗಳದ್ದು.

ಅಲ್ಲಿ ಪ್ರತಿ ಬಾಗಿಲಿಗೂ ಕಾರ್ಡು ತೋರಿಸಬೇಕು. ಒಂದು ಕಾರ್ಡಿಗೆ ಒಬ್ಬರೇ. ಮುಂದಿನವರು ತೆರೆದ ಬಾಗಿಲಲ್ಲಿ ಹಿಂದಿನವರು ನುಸುಳಿದರೆ ಇಬ್ಬರದ್ದೂ ತಪ್ಪು. ಬಾಗಿಲು ಹಿಡಿದುಕೊಂಡು ‘ಬನ್ನಿ’ ಅನ್ನುವ ನಮ್ಮಂಥವರಿಗೆ ಇದು ಬೇಗ ಮೈಗೂಡುವುದಿಲ್ಲ. ಹಾಗೆ ನುಸುಳಿದ ಕ್ಯಾಂಟೀನಿನವನೊಬ್ಬನ ಕಾರ್ಡನ್ನು ಸಂಜೆಯೊಳಗೆ ಕಿತ್ತುಕೊಂಡು ಮನೆಗೆ ಕಳಿಸಿದ್ದರು. ಗೇಟಿನ ಸೆಕ್ಯುರಿಟಿಯವನು ನನಗೆ ನಗುತ್ತ ಹೇಳಿದ್ದ, “ಇಲ್ಲಿ ಕಾರ್ಡ್ ಇಲ್ದೆ ಸೊಳ್ಳೇನೂ ಒಳಗೆ ಬರಂಗಿಲ್ಲ ಮಗಾ.”

ಅವತ್ತು ಸರ್ವರ್ ರೂಮಿನ ಎ.ಸಿ.ಗೆ ತೊಳೆದ ಫಿಲ್ಟರು ಹಾಕಬೇಕಿತ್ತು. ನನ್ನ ಎರಡು ಕೈಯಲ್ಲೂ ಫಿಲ್ಟರು. ಮುಂದೆ ಹೋಗುತ್ತಿದ್ದ ಎಂಜಿನಿಯರ್ ಮೇಡಂ ತಮ್ಮ ಕಾರ್ಡು ತೋರಿಸಿ ಒಳಗೆ ಕಾಲಿಟ್ಟವರು ತಿರುಗಿ ನೋಡಿದರು.

“ಬನ್ನಿ ಅಣ್ಣ. ಅದನ್ನೆಲ್ಲ ಕೆಳಗಿಟ್ಟು ಕಾರ್ಡ್ ಎಲ್ಲಿ ಹುಡುಕ್ತೀರಾ,” ಎಂದು ಬಾಗಿಲನ್ನು ಭುಜದಿಂದ ತಡೆದು ನಿಂತರು.

ಹೋದೆ. ಅಷ್ಟು ಚೆನ್ನಾಗಿ ಮಾತಾಡಿಸುವವರು ಅಲ್ಲಿ ಕಡಿಮೆ.

ಅವರು ತಮ್ಮ ಕೆಲಸ ಮುಗಿಸಿ ಹೊರಟುಹೋದರು. ನಾನು ಫಿಲ್ಟರು ಕೂರಿಸಿ, ಮೆಷಿನ್ ಚಾಲೂ ಮಾಡಿ, ಬಾಗಿಲಿಗೆ ಬಂದು ಕಾರ್ಡು ಇಟ್ಟೆ. ಕೆಂಪು ದೀಪ. ಅಂಗಿಗೆ ಒರೆಸಿ ಇಟ್ಟೆ. ಮತ್ತೆ ಕೆಂಪು. ಆಗ ಅರ್ಥವಾಯಿತು. ಒಳಗೆ ಬಂದದ್ದೇ ದಾಖಲಾಗದವನನ್ನು ಆ ಬಾಗಿಲು ಹೊರಗೆ ಬಿಡುವುದಿಲ್ಲ. ಕಂಪ್ಯೂಟರಿನ ಪ್ರಕಾರ ರೂಮಿನಲ್ಲಿ ಯಾರೂ ಇಲ್ಲ.

ಫೋನನ್ನು ನಿಯಮದಂತೆ ಹೊರಗಿನ ಲಾಕರಿನಲ್ಲಿ ಇಟ್ಟಿದ್ದೆ. ಬಾಗಿಲು ಬಡಿದೆ, ಮೆಷಿನ್ನುಗಳ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಪಕ್ಕದ ಗೋಡೆಯಲ್ಲಿ ಗಾಜಿನ ಹಸಿರು ಡಬ್ಬಿಯಿತ್ತು. ಅದನ್ನು ಒಡೆದರೆ ಬಾಗಿಲು ತೆರೆಯುತ್ತದೆ, ಜೊತೆಗೆ ಸೈರನ್ ಕೂಗುತ್ತದೆ. ಸೈರನ್ ಕೂಗಿದರೆ ವಿಚಾರಣೆ, ವಿಚಾರಣೆಯಾದರೆ ನನ್ನ ಕಾರ್ಡೂ ಹೋಗುತ್ತದೆ. ಈ ವಯಸ್ಸಿನಲ್ಲಿ, ಮಾರ್ಕ್ಸ್ ಕಾರ್ಡ್ ಇಲ್ಲದವನಿಗೆ ಇಂಥ ಕೆಲಸ ಇನ್ನೆಲ್ಲಿ? ಎತ್ತಿದ ಕೈ ಇಳಿಸಿದೆ. ಮೂಲೆಯ ಕ್ಯಾಮೆರಾಕ್ಕೆ ಕೈಬೀಸಿ ಕಾಪಾಡಿ ಎನ್ನುವುದಕ್ಕೂ ಮನಸ್ಸು ಒಪ್ಪಲಿಲ್ಲ. ಯಾರಾದರೂ ಬಂದಾರು ಎಂದು ಆ ಚಳಿಯಲ್ಲಿ ತೋಳು ಕಟ್ಟಿಕೊಂಡು ನಿಂತೆ.

ಅಷ್ಟರಲ್ಲಿ ಧೂಳು ಸುಟ್ಟ ವಾಸನೆ ಬಂತು. ನಿಂತ ಎ.ಸಿ. ಮತ್ತೆ ಶುರುವಾದಾಗ ತೇವ ತೆಗೆಯಲು ಅದರೊಳಗಿರುವ ಹೀಟರಿನ ಮೇಲೆ ಕೂತ ಧೂಳು ಸುಡುವುದು ಮಾಮೂಲು. ಆದರೆ ಆ ರೂಮಿನಲ್ಲಿ ಹೊಗೆ ಕಂಡರೆ ಬೆಂಕಿ ಆರಿಸಲು ನೀರು ಸುರಿಯುವುದಿಲ್ಲ, ಉಸಿರುಗಟ್ಟಿಸುವ ಗ್ಯಾಸ್ ತಾನಾಗಿ ಹೊರಬರುತ್ತದೆ. ಗ್ಯಾಸ್ ಬಿಡುವ ಮುಂಚೆ ಒಳಗಿದ್ದವರು ಹೊರಗೆ ಓಡಬೇಕು ಎಂದು ಗೋಡೆಯ ಮೇಲೆ ಬರೆದಿದೆ. ತಲೆ ಎತ್ತಿದೆ. ಚಾವಣಿಯಲ್ಲಿ ಹೊಗೆ ಹಿಡಿಯುವ ಬಿಲ್ಲೆಯೊಳಗೆ ಕೆಂಪು ಚುಕ್ಕಿ ಮಿನುಗಿತು. ಅದು ಯಾವಾಗಲೂ ಮಿನುಗುತ್ತದೆಯೋ, ಈಗಷ್ಟೇ ಶುರುವಾಯಿತೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾರೂ ಇಲ್ಲದ ರೂಮಿಗೆ ಯಾರನ್ನು ಹುಡುಕಿಕೊಂಡು ಯಾರು ಬರುತ್ತಾರೆ?

ಸ್ಪ್ಯಾನರಿನಿಂದ ಗಾಜು ಒಡೆದೆ.

ಸೈರನ್ನಿಗೆ ಫ್ಲೋರಿನಲ್ಲಿದ್ದವರೆಲ್ಲ ಕುರ್ಚಿ ಬಿಟ್ಟು ಎದ್ದರು. ಓಡಿ ಬಂದ ಸೆಕ್ಯುರಿಟಿ ಸೂಪರ್‌ವೈಸರ್ ನನ್ನ ಕೊರಳಿನ ಕಾರ್ಡು ಹಿಡಿದು ನೋಡಿದ.

“ಸಿಸ್ಟಮ್‌ನಲ್ಲಿ ನೀನೇ ಇಲ್ಲ. ಒಳಗೆ ಹೆಂಗ್ ಹೋದೆ ಗುರು? ಗೋಡೆ ತೂರ್ಕೊಂಡಾ?”

ಯಾರೋ ನಕ್ಕರು.

“ಬಾಗ್ಲು ತೆಗೆದಿದ್ಯಾರು? ಹೇಳು. ಇಲ್ಲಾಂದ್ರೆ ಕಾರ್ಡ್ ಇಲ್ಲೇ ಬಿಚ್ಚಿಟ್ಟು ಹೋಗು.”

ಗುಂಪಿನಲ್ಲಿ ಆ ಮೇಡಂ ಇದ್ದರು. ಮುಖ ಬಿಳಿಚಿಕೊಂಡಿತ್ತು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

“ನಾನೇ ಸಾರ್,” ಎಂದರು ಅವರು. “ಅವ್ರ ಕೈ ಖಾಲಿ ಇರ್ಲಿಲ್ಲ. ನಾನೇ ಕರ್ದೆ.”

ಸೂಪರ್‌ವೈಸರ್ ನನ್ನ ಕಾರ್ಡು ಬಿಟ್ಟ. “ನೀನು ನಡಿ,” ಎಂದು ಅವರತ್ತ ಕೈ ಚಾಚಿದ. “ಕಾರ್ಡ್ ಕೊಡಿ ಮೇಡಂ.” ಅವರು ತೆಗೆಯುವಾಗ ದಾರ ಕೂದಲಿಗೆ ಸಿಕ್ಕಿಕೊಂಡಿತು.

ನನ್ನ ಕೆಲಸ ಉಳಿಯಿತು. ಮೊದಲು ಅನ್ನಿಸಿದ್ದು ಅದೇ. ಅವರಿಗೊಂದು ಮಾತು ಹೇಳಬೇಕಿತ್ತು ಎಂದು ಹೊಳೆಯುವ ಹೊತ್ತಿಗೆ ಮೆಟ್ಟಿಲು ಇಳಿದು ಕೆಳಗೆ ಬಂದಾಗಿತ್ತು. ಮತ್ತೆ ಮೇಲೆ ಹೋಗಲು ಕಾರ್ಡು ತೋರಿಸಬೇಕು. ತೋರಿಸುವ ಧೈರ್ಯವಾಗಲಿಲ್ಲ.